ಒಂದು ದಿನ ಮುಂಚಿನ ಕೇಕು

ಅಕ್ಟೋಬರ್ ೧೪, ಮಂಗಳವಾರ

ಆ ಕೇಕು ಇನ್ನೂ ಕಣ್ಣೆದುರಿಗಿದೆ. ನಮ್ಮ ಮನೆಯಲ್ಲಿದ್ದು ಓದಲು ಬಂದಿರುವ ಅಮೆರಿಕದ ಹುಡುಗಿ ಡೆಲೇನಿ, ನನ್ನ ಮಗಳು ವ್ರೋನಿಯ ನಾಳೆಯ ಹುಟ್ಟುಹಬ್ಬಕ್ಕೆ ಇವತ್ತೇ ಕೇಕು ಮಾಡಿಟ್ಟು, ಬಲೂನು ಕಟ್ಟಿ ಹಾಡಿಬಿಟ್ಟಳು. ನಮ್ಮ ಬವೇರಿಯಾದಲ್ಲಿ ದಿನ ಬರುವ ಮುಂಚೆ ಹರಸಿದರೆ ಕೇಡು. ವ್ರೋನಿಯ ಮುಖ ಬಿಳಿಚಿತು.

"ನನ್ನ ಸಾಯಿಸ್ಬೇಕು ಅಂತಿದ್ದೀಯೇನೇ?"

ಡೆಲೇನಿ ತಮಾಷೆಯೆಂದುಕೊಂಡು ತಬ್ಬಿಕೊಂಡಳು. "ನೀನಂದ್ರೆ ನಂಗೆ ಪ್ರಾಣ ಕಣೇ!"

"ಬಂದು ತಿಂಗಳಾಗಿಲ್ಲ, ಪ್ರಾಣವಂತೆ! ನಿಮ್ಮೂರಲ್ಲಿ ಬಸ್ ಡ್ರೈವರಿಗೂ ಹೀಗೇ ಹೇಳ್ತೀರೇನೋ. ನೀನು ನನ್ನ ಗೆಳತಿ ಅಲ್ಲ, ಮನೇಲಿರೋಳು ಅಷ್ಟೇ."

ಕಣ್ಣೀರು ಇಳಿಯುತ್ತಿದ್ದರೂ ಹುಡುಗಿಯ ಮುಖದಿಂದ ನಗು ಹೋಗಲಿಲ್ಲ. ನನ್ನ ಕಡೆ ತಿರುಗಿ, "ಅಮ್ಮಾ, ನಂಗೆ ಗೊತ್ತಿರ್ಲಿಲ್ಲ," ಎಂದಳು. ಬಂದ ದಿನದಿಂದಲೂ ಅಮ್ಮಾ ಎನ್ನುತ್ತಾಳೆ. ವ್ರೋನಿಯ ಬಾಲ್ಯದ ಗೆಳತಿಯರು ಕೂಡ ನನ್ನನ್ನು ಹಾಗೆ ಕರೆದವರಲ್ಲ.

"ಶ್ರೀಮತಿ ಕಿರ್ಖ್‌ಮಾಯರ್ ಅನ್ನು," ಎಂದೆ. ಕೇಕನ್ನು ಅವಳೆದುರಿಗೇ ಕೋಳಿಗಳಿಗೆ ಹಾಕಿದೆ.

ಸಂಜೆ ಜಪ ಮುಗಿಸಿ, ಕೇಡು ಕಳೆಯಲೆಂದು ವ್ರೋನಿಯ ದಿಂಬಿಗೆ ಚರ್ಚಿನ ತೀರ್ಥ ಚಿಮುಕಿಸಿದೆ. ಪಕ್ಕದ ಕೋಣೆಯಲ್ಲಿ ಡೆಲೇನಿ ತಾಯಿಗೆ ಫೋನಿನಲ್ಲಿ, "ಇಲ್ಲಿ ಎಲ್ಲರಿಗೂ ನನ್ನ ಕಂಡ್ರೆ ತುಂಬಾ ಇಷ್ಟಮ್ಮ," ಎನ್ನುತ್ತಿದ್ದಳು. ಅಷ್ಟು ಇಂಗ್ಲಿಷು ನನಗೂ ಅರ್ಥವಾಗುತ್ತದೆ. ಬಟ್ಟಲಲ್ಲಿ ತೀರ್ಥ ಇನ್ನೂ ಉಳಿದಿತ್ತು. ಅವಳ ಬಾಗಿಲು ದಾಟಿ ಹೋಗಿ ಕಿಟಕಿಯ ಹೂಕುಂಡಕ್ಕೆ ಸುರಿದೆ.