ನಿಮ್ಮ ರ‍್ಯಾಮ್ ನನ್ನ ಪರ್ಸಿನಲ್ಲಿದೆ

ರೀ,

ತಂಗಿಯ ಮನೆಗೆ ಹೊರಟೆ, ಸಂಜೆ ಬರುತ್ತೇನೆ. ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ.

ಹೊಸ ಕಾರ್ ರೇಸ್ ಆಟ ನನ್ನ ಕಂಪ್ಯೂಟರಿನಲ್ಲಿ ತಡವರಿಸಿದಾಗ, "ಅದಕ್ಕೂ ನಿನ್ನ ಹಾಗೇ ವಯಸ್ಸಾಯ್ತು ಕಣೇ, ಹೊಸ ಆಟ ಅದರ ಕೈಲಾಗಲ್ಲ" ಎಂದು ಸೊಸೆಯ ಮುಂದೆ ನಕ್ಕಿರಲ್ಲ? ಹೊಸದು ಕೊಳ್ಳುವ ಮೊದಲು ನೋಡೋಣವೆಂದು ಬೆಳಿಗ್ಗೆ ಅದರ ಮುಚ್ಚಳ ಬಿಚ್ಚಿದೆ. ಎರಡು ರ‍್ಯಾಮ್ ಮೆಮೊರಿ ಪಟ್ಟಿ ಇರಬೇಕಾದಲ್ಲಿ ಒಂದೇ ಇತ್ತು. ಇನ್ನೊಂದು ನಿಮ್ಮ ಕಂಪ್ಯೂಟರಿನೊಳಗೆ ಸಿಕ್ಕಿತು; ಗುರುತಿಗೆಂದು ನಾನು ಹಚ್ಚಿದ್ದ ಕೆಂಪು ಉಗುರುಬಣ್ಣ ಇನ್ನೂ ಅದರ ಮೇಲಿದೆ. ಇಷ್ಟು ದಿನ ನಮ್ಮ ಸಂಜೆಯ ರೇಸಿನಲ್ಲಿ ನೀವು ಗೆದ್ದದ್ದು ಹೀಗೆ!

ನನ್ನದನ್ನು ವಾಪಸು ಹಾಕಿದೆ, ಆಟ ಸರಾಗವಾಗಿ ಓಡಿತು. ನನ್ನ ಕಂಪ್ಯೂಟರಿಗೆ ಯಾವ ಅಪ್‌ಗ್ರೇಡೂ ಬೇಡ. ಬೇಕಾಗಿರುವುದು ನಿಮ್ಮದಕ್ಕೆ, ಏಕೆಂದರೆ ನಿಮ್ಮ ಸ್ವಂತದ ಎರಡರಲ್ಲಿ ಒಂದನ್ನೂ ಕಿತ್ತು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಕದಿಯುವಾಗಲೂ ನನ್ನ ಕಂಪ್ಯೂಟರಿನ ಫ್ಯಾನಿನ ಧೂಳನ್ನು ಅಷ್ಟು ಚೊಕ್ಕವಾಗಿ ಒರೆಸಿದ್ದೀರಿ, ಅದಕ್ಕೇ ಇನ್ನೊಂದನ್ನು ಬಿಟ್ಟಿದ್ದೇನೆ.

ಸಂಜೆ ಎಂದಿನಂತೆ ರೇಸ್ ಆಡೋಣ. ಸೊಸೆಯನ್ನೂ ನೋಡಲು ಕರೆದಿದ್ದೇನೆ. ನಿಮ್ಮ ಕಾರು ತಡವರಿಸಿದ ಕೂಡಲೇ ಹೇಳಲೆಂದು, ನಿಮ್ಮದೇ ಮಾತನ್ನು ಅವಳಿಗೆ ಬಾಯಿಪಾಠ ಮಾಡಿಸಿದ್ದೇನೆ.