ಬೆಟ್ಟದ ಚಳಿಗೆ ಬಂದ ಹೂದಂಟು

ಅಲಿಶಾನ್ ಬೆಟ್ಟದಿಂದ

ಕುನ್-ಚೆಂಗ್,

ಹೊಸವರ್ಷದ ಮಾರುಕಟ್ಟೆಗೆ ಆರ್ಕಿಡ್ ಬೇಕೆಂದು ತೈನಾನ್‌ನ ಸೆಕೆಯಲ್ಲೇ ನೀನು ಹಾರ್ಮೋನ್ ಸಿಂಪಡಿಸಿದೆ, ಹೂವೆಲ್ಲ ಸೊಟ್ಟಗಾದವು. ಉಳಿದ ಕುಂಡಗಳನ್ನು ಲಾರಿಗೇರಿಸಿ, ಚಳಿಗೆ ತಾನಾಗಿ ಹೂ ಬರಲೆಂದು ನಾನು ಬೆಟ್ಟಕ್ಕೆ ಹೊರಟಾಗ, "ಹೋಗೇ, ಹೋಗು! ಚಳಿಗೆ ಹೂ ಬರಲ್ಲ, ನೆಗಡಿ ಬರುತ್ತೆ!" ಎಂದು ನೀನು ಗೇಟಿನಲ್ಲಿ ನಿಂತು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಎರಡೂ ಬಂದಿವೆ. ಎಲೆಗಳ ಬುಡದಲ್ಲಿ ಹೂದಂಟು ಇಣುಕಿದೆ, ನನ್ನ ಮೂಗು ಸೋರುತ್ತಿದೆ. ದಂಟೆಲ್ಲ ನೆಟ್ಟಗಿದೆ, ನಾನೇ ನೆಟ್ಟಗಿಲ್ಲ. ಕೂತರೆ ದಾರಿ, ನಿಂತರೆ ಲಾರಿ, ಇದೇ ಧ್ಯಾನ.

ಇಲ್ಲಿ ಚಳಿಯ ಕೆಲಸ ಮುಗಿಯಿತು, ಲಾರಿ ಕಳಿಸು. ಡ್ರೈವರ್ ಒಬ್ಬನೇ ಬಂದರೆ ಕುಂಡಗಳನ್ನಷ್ಟೇ ಹತ್ತಿಸಿ ಕಳಿಸುತ್ತೇನೆ. ನೀನೇ ಓಡಿಸಿಕೊಂಡು ಬರುವುದಾದರೆ, ಪಕ್ಕದ ಸೀಟಿನ ಮೇಲೆ ಏನೂ ಇಡಬೇಡ.

ಸ್ವೆಟರ್ ಹಾಕಿಕೊಂಡು ಬಾ. ನಿನಗೆ ಚಳಿ ತಡೆಯುವುದಿಲ್ಲ.

ಸು-ಲಿಯೆನ್