ಐದರ ನಂತರ ನಾಲ್ಕನೆಯ ರೀಲು

ಫೆಬ್ರವರಿ ೩, ಸೋಮವಾರ. ಬೆಳಿಗ್ಗೆ ೧೧

ದಿನಕ್ಕೆ ಬಲಗೈಯಲ್ಲಿ ಐದು ಸಾಲು. ಇವತ್ತಿಗೆ ಎಂಟನೆಯ ದಿನ. ಅಕ್ಷರ ಕೋಳಿ ಕೆದರಿದ ಹಾಗಿದೆ. ಏನು ಬೇಕಾದರೂ ಬರೆಯಿರಿ, ಯಾರೂ ಓದುವುದಿಲ್ಲ ಎಂದಿದ್ದಾಳೆ ಥೆರಪಿಸ್ಟ್. ಓದಲು ಬಂದರೆ ತಾನೇ.

ಸ್ಟ್ರೋಕ್ ಆಗಿ ಎರಡು ತಿಂಗಳು. ಕಾಲು ಬಂತು, ಮಾತು ಬಂತು. ಕೈ ಮಾತ್ರ ಮುನಿಸಿಕೊಂಡಿದೆ. ಮೂವತ್ತೆಂಟು ವರ್ಷ ಥಿಯೇಟರಿನ ಪ್ರೊಜೆಕ್ಟರ್ ರೂಮಿನಲ್ಲಿ ರೀಲು ಹಾಕಿದ ಕೈ. ಈಗ ಅಂಗಿಯ ಗುಂಡಿಗೂ ಹೆಂಡತಿ ಬೇಕು.

ನಾನು ಆಪರೇಟರ್ ಆಗಿದ್ದೆ ಅಂತ ಥೆರಪಿಸ್ಟಿಗೆ ಇವತ್ತು ಗೊತ್ತಾಯಿತು. ಚೆಂಡು ಹಿಸುಕಿಸುವುದನ್ನೇ ಮರೆತಳು. ಅವಳು ಕಪ್ಪು-ಬಿಳುಪು ಸಿನಿಮಾ ಒಂದೂ ನೋಡಿಲ್ಲವಂತೆ, ಹೊರದೇಶದ್ದಂತೂ ಇಲ್ಲವೇ ಇಲ್ಲ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದಳು. ಇಂಥ ಪ್ರಶ್ನೆ ನನ್ನನ್ನು ಯಾರಾದರೂ ಕೇಳಿ ಯಾವ ಕಾಲವಾಯಿತೋ. ಒಪ್ಪಂದ ಆಯಿತು — ಇಪ್ಪತ್ತು ಸಲ ಚೆಂಡು ಹಿಸುಕಿದರೆ ಒಂದು ಸಿನಿಮಾ ಹೆಸರು. ಹದಿನಾಲ್ಕಕ್ಕೇ ಸುಸ್ತು. ಆದರೂ ಹೇಳಿದೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ.

ಎಂಟು ಸಾಲು ದಾಟಿತು! ಸಾಕು.

ಫೆಬ್ರವರಿ ೫, ಬುಧವಾರ

ನಾನು ಹೇಳಿದ್ದು ವಾಸನೆ ಗ್ರಹಿಸುವ ಶಕ್ತಿ ಕಳೆದುಕೊಂಡ ಬೇಕರಿಯವನ ಚಿತ್ರ. ಎರಡು ಸಲ ನಿದ್ದೆ ಬಂತು ಅಂಕಲ್ ಎಂದಳು. ಸುಳ್ಳು ಹೇಳಲಿಲ್ಲ, ಅದು ಇಷ್ಟವಾಯಿತು.

ತಪ್ಪು ಅವಳದಲ್ಲ. ಕೆಳಗೆ ಬರುವ ಅಕ್ಷರ ಓದುತ್ತಾ ಕೂತಿದ್ದಾಳೆ. ಅರ್ಧ ಓದಿ ಬಿಡು, ಉಳಿದದ್ದು ಮುಖದಲ್ಲಿರುತ್ತೆ ಅಂದೆ. ನನ್ನ ವಿದ್ಯೆ ಅಷ್ಟೇ. ಅಂಗೈಯಷ್ಟು ಗಾಜಿನ ಕಿಂಡಿಯಿಂದ ನೋಡಿದವನು ನಾನು. ಮಷಿನಿನ ಸದ್ದಿನಲ್ಲಿ ಮಾತು ಎಲ್ಲಿ ಕೇಳಿಸುತ್ತೆ? ನನಗೆ ಎಲ್ಲ ಭಾಷೆಯೂ ಒಂದೇ.

ಕೊನೆಗೆ ಏನಾಗುತ್ತೆ ಹೇಳಿಬಿಡಿ ಅಂದಳು. ಅದೊಂದು ಮಾತ್ರ ಇಲ್ಲ. ಕಾಲಿಗೆ ಬಿದ್ದರೂ ಹೇಳುವುದಿಲ್ಲ.

ಫೆಬ್ರವರಿ ೧೦, ಸೋಮವಾರ

ಮತ್ತೆ ಮೊದಲಿನಿಂದ ನೋಡಿದಳಂತೆ. ಬೇಕರಿಯವನ ಮಗಳು ಬ್ರೆಡ್ಡು ಸೀಯಿಸಿಬಿಡುತ್ತಾಳೆ, ಅಪ್ಪನಿಗೆ ಗೊತ್ತಾಗುವುದಿಲ್ಲ, ಘಮ್ ಅಂತಿದೆ ಅಂತ ನಗುತ್ತಾನೆ — ಅಲ್ಲಿ ಬಸ್ಸಿನಲ್ಲೇ ಅತ್ತಳಂತೆ. ಪಕ್ಕದ ಸೀಟಿನ ಹೆಂಗಸು ಜಾಗ ಬದಲಾಯಿಸಿದಳಂತೆ.

ಥ್ಯಾಂಕ್ಸ್ ಅಂಕಲ್ ಅಂದಳು. ನಾನು ಕಿಟಕಿ ಕಡೆ ನೋಡಿದೆ. ಥ್ಯಾಂಕ್ಸ್ ಹೇಳಬೇಕಾದವನು ನಾನು. ಎರಡು ತಿಂಗಳಿಂದ ಈ ಮನೆಯಲ್ಲಿ ಮಾತ್ರೆ, ಬಿಪಿ, ಬಾತ್‌ರೂಮು ಬಿಟ್ಟು ಬೇರೆ ಮಾತೇ ಇರಲಿಲ್ಲ. ಹೆಂಡತಿ ಅಡುಗೆಮನೆಯಿಂದ ಇಣುಕಿ, "ಇವತ್ತು ಮುಖಕ್ಕೆ ಕಳೆ ಬಂದಿದೆ" ಎಂದು ಛೇಡಿಸಿದಳು.

ಚೆಂಡು ಹತ್ತೊಂಬತ್ತು.

ಫೆಬ್ರವರಿ ೧೪, ಶುಕ್ರವಾರ

ಇಪ್ಪತ್ತು!

ಹಾಗಾಗಿ ನನ್ನ ಪೆಟ್ಟಿಗೆಯ ಚಿನ್ನ ಕೊಟ್ಟೆ. ದೀಪಸ್ತಂಭ ಕಾಯುವವನ ಚಿತ್ರ. ಮೂವತ್ತೊಂದು ವರ್ಷದ ಹಿಂದೆ ಫಿಲಂ ಸೊಸೈಟಿಯವರ ಭಾನುವಾರದ ಬೆಳಗಿನ ಆಟ. ಎಂಟು ರೀಲು, ಡಬ್ಬಿಗಳ ಮೇಲೆ ಯಾವುದೋ ದೇಶದ ಅಕ್ಷರ. ಅವನ ಹೆಂಡತಿ ಜಗಳವಾಡಿ ದ್ವೀಪ ಬಿಟ್ಟು ಹೋಗುತ್ತಾಳೆ. ಅವನು ಒಬ್ಬನೇ. ಒಂದು ದಿನ ಇದ್ದಕ್ಕಿದ್ದಂತೆ ದೋಣಿಯಲ್ಲಿ ವಾಪಸ್ ಬರುತ್ತಾಳೆ. ಅದಾದ ಮೇಲೆ ಅವನು ಕೂತು ಕಾಗದ ಬರೆಯುತ್ತಾನೆ — ಬಾ ಅಂತ. ಬಂದಾಗಿದೆ, ಆಮೇಲೆ ಕರೆಯುತ್ತಾನೆ! ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲ ನಾನು. ಕರೆಯುವ ಮೊದಲೇ ಬರೋದು, ಅದು ಪ್ರೀತಿ ಅಂದೆ ಹುಡುಗಿಗೆ. ನನ್ನ ಹೆಂಡತಿಗೂ ಎಷ್ಟು ಸಲ ಹೇಳಿದ್ದೇನೋ.

ಆವತ್ತು ಇನ್ನೊಂದು ಮಷಿನಿನಲ್ಲಿ ಇದ್ದವನ ವಿಷಯ ಬರೆಯುವುದಿಲ್ಲ. ಕೈ ನೋಯುತ್ತಿದೆ.

ಫೆಬ್ರವರಿ ೧೭, ಸೋಮವಾರ

ಜಗಳ. ಕಾಗದ ಬಂದ ಮೇಲೇ ಅವಳು ವಾಪಸ್ ಬರುತ್ತಾಳೆ ಅಂಕಲ್ ಎನ್ನುತ್ತಾಳೆ. ನಿನ್ನ ಕಂಪ್ಯೂಟರಿನವರು ಕತ್ತರಿಸಿ ಅಂಟಿಸಿರಬೇಕು ಅಂದೆ. ನಕ್ಕಳು. ನನಗೆ ರೇಗಿತು. ಮೂವತ್ತೆಂಟು ವರ್ಷದ ಆಪರೇಟರಿಗೆ ಪಾಠ! ಚೆಂಡು ಎಸೆದೆ. ಪರವಾಗಿಲ್ಲ, ಎಸೆಯೋಕೆ ಬಂತಲ್ಲ ಎಂದು ಅದನ್ನೂ ಬರೆದುಕೊಂಡಳು.

ಫೆಬ್ರವರಿ ೧೯, ಬುಧವಾರ. ಮಧ್ಯಾಹ್ನ ೩

ಟ್ಯಾಬ್ ತಂದು ತೋರಿಸಿದಳು. ನೋಡಿದೆ.

ಮೊದಲು ಕಾಗದ. ಆಮೇಲೆ ದೋಣಿ. ದೋಣಿಯಲ್ಲಿ ಬಂದವಳ ಕೈಯಲ್ಲಿ ಕಾಗದ ಮಡಚಿದ್ದು ಕಾಣುತ್ತೆ. ಆ ಮಡಚಿದ ಕಾಗದ ನನಗೂ ನೆನಪಿದೆ... ಏನೋ ಚೀಟಿ ಅಂದುಕೊಂಡಿದ್ದೆ.

ಹಾಗಾದರೆ ಆವತ್ತು ನಮ್ಮ ಥಿಯೇಟರಿನಲ್ಲಿ ಐದನೆಯ ರೀಲು ಓಡಿದ ಮೇಲೆ ನಾಲ್ಕನೆಯದು ಓಡಿದೆ.

ಬರೆಯಬೇಕು ಈಗ. ಇನ್ನೊಂದು ಮಷಿನಿನಲ್ಲಿ ಇದ್ದವನು ನನ್ನ ಭಾವಮೈದ, ಹೆಂಡತಿಯ ತಮ್ಮ. ಎಲ್ಲರೂ ಗಡಿಯಾರ ಎನ್ನುತ್ತಿದ್ದರು. ರೀಲು ಮುಗಿಯುವ ಹೊತ್ತು ಪರದೆಯ ಮೂಲೆಯಲ್ಲಿ ಚುಕ್ಕಿ ಬರುತ್ತದೆ, ಅದನ್ನು ನೋಡಿ ನಾವು ಇನ್ನೊಂದು ಮಷಿನ್ ಶುರು ಮಾಡುತ್ತೇವೆ. ಅವನಿಗೆ ಚುಕ್ಕಿಯೇ ಬೇಡ, ಅಷ್ಟು ಲೆಕ್ಕ. ರೀಲುಗಳನ್ನು ಡಬ್ಬಿಯಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಡುವುದು ಅವನ ಕೆಲಸ. ಸಾಲು ನಂಬಿ ಎತ್ತಿ ಹಾಕುವುದು ಇಬ್ಬರದೂ.

ವಿರಾಮದಲ್ಲಿ ಯಾರೋ ಪ್ರೊಫೆಸರು ರೀಲು ಹಿಂದೆಮುಂದೆ ಆಗಿದೆ ಅಂತ ಮ್ಯಾನೇಜರಿಗೆ ದೂರು ಕೊಟ್ಟರು. ಮ್ಯಾನೇಜರು ಮೇಲೆ ಬಂದರು. ಏನೂ ಆಗಿಲ್ಲ, ಸಿನಿಮಾನೇ ಹಾಗೆ ಅಂದೆ. ಆಗಿದ್ದರೆ ಜೋಡಿಸಿಟ್ಟವನನ್ನು ಕೇಳಿ ಎಂದೂ ಅಂದೆ. ಗಡಿಯಾರ ಬಾಯಿ ಬಿಡಲಿಲ್ಲ. ಅವನನ್ನು ಅರ್ಧ ಆಟದಲ್ಲೇ ಕೆಳಗೆ ಕಳಿಸಿದರು. ಕೆಲಸ ಹೋಯಿತು. ಬೇರೆ ಊರಿಗೆ ಹೋದ. ನಮ್ಮ ಮಗಳ ಮದುವೆಗೂ ಬರಲಿಲ್ಲ. ನಾನು ಕರೆಯಲೂ ಇಲ್ಲ.

ಸರಿ, ರೀಲು ಬದಲಾಗಿತ್ತು. ಅಂದರೆ ಅವನದೇ ತಪ್ಪು. ನಾನು ಅಂದದ್ದೂ ಅದನ್ನೇ ಅಲ್ಲವೇ.

ಫೆಬ್ರವರಿ ೨೦

ಐದು ಸಾಲು ಆಗಲಿಲ್ಲ.

ಫೆಬ್ರವರಿ ೨೬, ಬುಧವಾರ. ಬೆಳಿಗ್ಗೆ ೭

ಹೆಂಡತಿ ಕಾಫಿ ತಂದಳು. ಟೇಬಲ್ ಮೇಲೆ ಮಾತ್ರೆ ಡಬ್ಬಿ, ಚೆಂಡು, ಈ ಪುಸ್ತಕ. ಫ್ಲಾಸ್ಕಿಗೆ ಜಾಗ ಇರಲಿಲ್ಲ. ಎಡಗೈಯಲ್ಲಿ ಎರಡು ಮಾತ್ರೆ ಡಬ್ಬಿ ಎತ್ತಿ ಆಚೆ ಇಟ್ಟೆ. ಅವಳು ಫ್ಲಾಸ್ಕ್ ಇಟ್ಟಳು.

ಕೂತೇ ಇದ್ದೆ. ಕಾಫಿ ಆರಿತು.

ಇದೇ ಫ್ಲಾಸ್ಕ್. ಹಸಿರು ಬಣ್ಣ, ಈಗ ಮುಚ್ಚಳ ಬೇರೆ. ಆವತ್ತು ಹೊಸದು. ಮೇಲೆ ಚಳಿ ಅಂತ ಇವಳು ಕೊಟ್ಟು ಕಳಿಸಿದ್ದಳು. ಪ್ರೊಜೆಕ್ಟರ್ ರೂಮಿನ ಮೇಜಿನ ಮೇಲೆ ಜಾಗ ಇರಲಿಲ್ಲ. ಎರಡು ರೀಲು ಎತ್ತಿ ಸ್ಟೂಲಿನ ಮೇಲಿಟ್ಟೆ. ಕಾಫಿ ಕುಡಿದು ಮತ್ತೆ ಮೇಜಿಗೆ ಇಟ್ಟೆ. ಯಾವುದು ಮೊದಲಿತ್ತು, ಯಾವುದು ಆಮೇಲೆ — ಯಾರು ನೋಡಿದರು?

ಬದಲಾಯಿಸಿದ್ದು ನಾನು. ನಾನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ ಹಾಸಿಕೊಟ್ಟವನನ್ನೇ ಡೊಂಕು ಅಂದೆ.

ಫೆಬ್ರವರಿ ೨೭, ಗುರುವಾರ

ಹೇಳಿದೆ ಇವಳಿಗೆ. ಬಟ್ಟೆ ಮಡಚುತ್ತಿದ್ದಳು. ಮಡಚುತ್ತಲೇ ಇದ್ದಳು.

"ನಂಗೊತ್ತು ರೀ. ನೀವು ಫ್ಲಾಸ್ಕಿಗೆ ಜಾಗ ಮಾಡ್ಕೊಂಡಿದ್ದು ಅವನಿಗೆ ಕೆಳಗೆ ಇಳಿದ ಮೇಲೆ ನೆನಪಾಯ್ತಂತೆ. ಆವತ್ತೇ ಬಂದು ಹೇಳಿದ."

ಮತ್ತೆ ಯಾಕೆ ಸುಮ್ಮನಿದ್ದ ಅಂದೆ.

"ನಾನು ಬಸುರಿ ಆಗಿದ್ದೆ. ತಾನು ಒಂಟಿ, ಎಲ್ಲಾದ್ರೂ ಬದುಕ್ತೀನಿ, ಭಾವನ ಕೆಲಸ ಹೋದ್ರೆ ಅಕ್ಕನ ಗತಿ ಏನು ಅಂದ."

ನೀನಾದರೂ ಹೇಳಬಾರದಿತ್ತಾ, ಮೂವತ್ತೊಂದು ವರ್ಷ!

"ಹೇಳಿದ್ರೆ ನಂಬ್ತಿದ್ರಾ?"

ಇಲ್ಲ. ಅವಳ ಮೇಲೇ ಹಾರಾಡುತ್ತಿದ್ದೆ. ಮೂವತ್ತೊಂದು ವರ್ಷ ನನ್ನ ತಟ್ಟೆಗೆ ಬಿದ್ದ ಅನ್ನ ಅವನು ಬಿಟ್ಟುಕೊಟ್ಟದ್ದು. ಮಗಳ ಓದು, ಈ ಮನೆ, ಎಲ್ಲ. ಅತ್ತುಬಿಟ್ಟೆ. ಈ ವಯಸ್ಸಿನಲ್ಲಿ ಅಳುವುದಕ್ಕೂ ಕರವಸ್ತ್ರ ಇವಳೇ ಹಿಡಿಯಬೇಕು.

ಫೋನ್ ಮಾಡಿ ಎಂದಳು. ಫೋನಿನಲ್ಲಿ ನನ್ನ ನಾಲಿಗೆಯ ಮೇಲೆ ನನಗೇ ನಂಬಿಕೆ ಇಲ್ಲ. ಬರೆಯುತ್ತೇನೆ. ಇದೇ ಕೈಯಲ್ಲಿ.

ಮಾರ್ಚ್ ೧೦, ಸೋಮವಾರ

ಹನ್ನೊಂದು ದಿನ. ಹದಿನಾಲ್ಕು ಹಾಳೆ ಹಾಳು. ಥೆರಪಿಸ್ಟ್ ಕಾಗದ ಜಾರದಂತೆ ಹಿಡಿದಳು, ನನ್ನ ಕೈ ಮಾತ್ರ ಮುಟ್ಟಲಿಲ್ಲ. ಅವಳಿಗೆ ಎಲ್ಲ ಹೇಳಿದ್ದೇನೆ. ಅವಳು ಆ ಸಿನಿಮಾ ನೋಡದಿದ್ದರೆ, ಹಟ ಹಿಡಿದು ತಂದು ತೋರಿಸದಿದ್ದರೆ, ಮೀಸೆ ಮಣ್ಣಾಗಲಿಲ್ಲ ಎಂದುಕೊಂಡೇ ಸಾಯುತ್ತಿದ್ದೆ. ಸಿನಿಮಾ ಹೇಳಿಕೊಟ್ಟವನು ನಾನಂತೆ! ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ ಅಂದೆ. ತಮಾಷೆಗೆ ಅಂದದ್ದಲ್ಲ.

ಕಾಗದದಲ್ಲಿ ಇರುವುದು ಇಷ್ಟೇ: ರೀಲು ಬದಲಾಯಿಸಿದ್ದು ನಾನು. ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು. ಬಾ.

ಹೆಂಡತಿ ಮಧ್ಯಾಹ್ನ ಪೋಸ್ಟ್ ಮಾಡಿ ಬಂದಳು. ಮುಟ್ಟಲು ನಾಲ್ಕೈದು ದಿನ. ಓದಿ ಹರಿದು ಹಾಕಿದರೂ ಹಾಕಲಿ. ಅದು ಅವನ ಹಕ್ಕು.

ಮಾರ್ಚ್ ೧೨, ಬುಧವಾರ. ಸಂಜೆ ೪

ಬೆಲ್ ಆಯಿತು. ಥೆರಪಿಸ್ಟ್ ಅಂದುಕೊಂಡು ನಾನೇ ನಿಧಾನ ಎದ್ದು ಹೋಗಿ ಬಾಗಿಲು ತೆಗೆದೆ.

ಗಡಿಯಾರ. ತಲೆ ಪೂರ್ತಿ ಬೆಳ್ಳಗೆ. ನಿಲುವು ಅದೇ.

ಬಾ ಅನ್ನುವುದನ್ನೂ ಮರೆತೆ. ಕಾಗದ ಸಿಕ್ಕಿತಾ, ಇಷ್ಟು ಬೇಗ, ಎಂದು ಹೇಗೋ ಕೇಳಿದೆ.

"ಯಾವ ಕಾಗದ ಭಾವ? ನಿಮ್ಮ ಕೈ ವಿಷಯ ಅಕ್ಕ ನಿನ್ನೆ ಹೇಳಿದ್ಲು. ಬೆಳಿಗ್ಗೆ ಬಸ್ ಹತ್ತಿದೆ."

ಸ್ಟ್ರೋಕ್ ವಿಷಯ ಅವನಿಗೆ ತಿಳಿಸಬೇಡ ಅಂದಿದ್ದೆ ಇವಳಿಗೆ. ನನ್ನ ಮಾತು ಮೀರಿದಳು, ಪುಣ್ಯ.

ಕಾಗದ ಇನ್ನೂ ದಾರಿಯಲ್ಲಿದೆ. ಹಾಗಾಗಿ ಬಾಯಲ್ಲೇ ಹೇಳಬೇಕಾಯಿತು, ನಿಂತ ಹಾಗೇ, ಹೊಸ್ತಿಲ ಹತ್ತಿರ.

"ರೀಲು ಬದಲಾಯಿಸಿದ್ದು ನಾನು ಕಣೋ."

ಅವನು ನನ್ನ ಬಲಗೈ ಎತ್ತಿ ಹಿಡಿದು, ಬೆರಳು ಒಂದೊಂದೇ ಬಿಡಿಸಿ ನೋಡಿದ, ಥೆರಪಿಸ್ಟಿಗಿಂತ ಮೆತ್ತಗೆ. ಆಮೇಲೆ ಕೇಳಿದ.

"ಆ ಸಿನಿಮಾದ ಕೊನೆಗೆ ಏನಾಯ್ತು ಭಾವ? ನನ್ನನ್ನ ಅರ್ಧಕ್ಕೇ ಕೆಳಗೆ ಕಳಿಸಿಬಿಟ್ರಲ್ಲ."

ಮೂವತ್ತೊಂದು ವರ್ಷದಿಂದ ಕೊನೆ ಗೊತ್ತಿಲ್ಲ ಇವನಿಗೆ. ಇದು ನನಗೆ ಹೊಳೆದೇ ಇರಲಿಲ್ಲ.

"ಹೇಳಲ್ಲ. ಕೂತ್ಕೋ."

೪.೪೦

ಥೆರಪಿಸ್ಟ್ ಬಂದಳು. ಇವತ್ತು ಚೆಂಡಿಗೆ ರಜೆ. ಟ್ಯಾಬನ್ನು ಟಿವಿಗೆ ಸಿಕ್ಕಿಸುತ್ತಿದ್ದಾಳೆ. ನೀವೇ ಗಡಿಯಾರ ಅಂಕಲ್ಲಾ ಅಂದಳು, ಅವನು ನಾಚಿಕೊಂಡ. ಹೆಂಡತಿ ಹಸಿರು ಫ್ಲಾಸ್ಕ್ ತಂದಳು, ನಾಲ್ಕು ಲೋಟ. ಎಲ್ಲಿಡಲಿ ಅಂತ ಅವಳು ಕೇಳಿದ್ದೇ ತಡ, ಅಕ್ಕ-ತಮ್ಮ ಇಬ್ಬರೂ ನನ್ನ ಮುಖ ನೋಡಿ ನಕ್ಕರು. ನನಗೂ ನಗು ಬಂತು. ಕಣ್ಣಲ್ಲಿ ನೀರೂ ಬಂತು. ಬರಲಿ.

ಕಿಟಕಿಯ ಪರದೆ ಎಳೆದಾಯಿತು. ಗಡಿಯಾರ ಲೈಟಿನ ಸ್ವಿಚ್ಚಿನ ಹತ್ತಿರ ನಿಂತಿದ್ದಾನೆ, ಬರೆದದ್ದು ಸಾಕು ಭಾವ, ಆರಿಸ್ತೀನಿ ಅಂತಿದ್ದಾನೆ. ಒಂದೇ ಸಾಲು ತಡಿ ಮಾರಾಯ ಅಂದೆ. ಆವತ್ತು ನಾವು ಓಡಿಸಿದ್ದೂ ಅಷ್ಟೊಂದು ತಪ್ಪಲ್ಲ. ಕರೆಯುವ ಮೊದಲೇ